ಪುಷ್ಪಿಕೆಯಿಂದ ಮುದ್ರಣ ವಿವರಗಳ ಪುಟಕ್ಕೆ: ಬೆಂಗಳೂರಿನ ಕಲಾವಿದರ ಸಾಮೂಹಿಕ ಪ್ರಕಟಣೆಗಳನ್ನು ಓದುವ ಬಗೆ

ಕನ್ನಡ ಗ್ರಂಥಸಂಪಾದನಾ ಕ್ಷೇತ್ರದಲ್ಲಿ ಹಸ್ತಪ್ರತಿಯ ಕೊನೆಯ ಸಾಲುಗಳಿಗೆ ವಿಶೇಷ ಮಹತ್ತ್ವವಿದೆ. ಕಾವ್ಯ ಮುಗಿದ ಮೇಲೆ ಲಿಪಿಕಾರನು ತನ್ನ ಹೆಸರು, ಊರು, ಪ್ರತಿ ಮಾಡಿದ ಕಾಲ, ಯಾರಿಗಾಗಿ ಪ್ರತಿ ಮಾಡಿದನೆಂಬ ವಿವರ ಇವುಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವ ಪುಷ್ಪಿಕೆಯನ್ನು ನಮ್ಮ ವಿದ್ವಾಂಸರು ಎಂದೂ ಕಡೆಗಣಿಸಲಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಮೊದಲ್ಗೊಂಡು ಈ ಶಾಸ್ತ್ರವನ್ನು ಕಟ್ಟಿದವರೆಲ್ಲರೂ ಕೃತಿಕಾರನ ಜೊತೆಗೆ ಲಿಪಿಕಾರನನ್ನೂ ಕೃತಿಯ ಚರಿತ್ರೆಯ ಭಾಗವೆಂದೇ ಎಣಿಸಿದ್ದಾರೆ. ಶಾಸನಾಧ್ಯಯನದಲ್ಲಿಯೂ ಹೀಗೆಯೇ: ಪಾಠವನ್ನು ರಚಿಸಿದ ಕವಿ, ಅದನ್ನು ಬರೆದವನು, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಇವರ ಹೆಸರುಗಳು ಸಿಕ್ಕಲ್ಲಿ ಅವನ್ನು ಬೇರೆಬೇರೆಯಾಗಿ ಗುರುತಿಸುವ ಪದ್ಧತಿಯಿದೆ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು ಕೆತ್ತಿರುವುದರಿಂದಲೇ ಆ ದೇವಾಲಯವನ್ನು ಹಲವು ಕೈಗಳ ಕೆಲಸವೆಂದು ವಿವರಿಸುವುದು ಸಾಧ್ಯವಾಗಿದೆ.

ಆದರೆ ಮುದ್ರಿತ ಪುಸ್ತಕಕ್ಕೆ ಬರುವಷ್ಟರಲ್ಲಿ ಈ ಎಚ್ಚರ ಸಡಿಲವಾಗುತ್ತದೆ. ಗ್ರಂಥಸೂಚಿಗಳಲ್ಲಿ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟಸಂಖ್ಯೆ ಎಂಬಿಷ್ಟು ದಾಖಲಾದರೆ ಸಾಕೆಂಬ ಭಾವನೆಯಿದೆ. ಮುಖಪುಟ ಬರೆದವರು, ಚಿತ್ರಗಳನ್ನು ರಚಿಸಿದವರು, ಅಕ್ಷರ ಜೋಡಿಸಿದವರು, ಮುದ್ರಿಸಿದವರು ಯಾರೆಂಬುದು ಹೆಚ್ಚಿನ ಸೂಚಿಗಳಲ್ಲಿ ಕಾಣುವುದಿಲ್ಲ. ಒಬ್ಬ ಲೇಖಕನ ಕಾದಂಬರಿಯ ವಿಷಯದಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸದಿರಬಹುದು. ಹಲವರು ಕೂಡಿ ಯೋಚಿಸಿ, ಕೂಡಿ ರೂಪಿಸಿ, ಕೂಡಿ ಹಂಚಿದ ಪ್ರಕಟಣೆಯ ವಿಷಯದಲ್ಲಿ ಮಾತ್ರ ಇದು ಕೃತಿಯ ಸ್ವರೂಪವನ್ನೇ ಮರೆಮಾಡುತ್ತದೆ. ಕಳೆದ ಎರಡು ಮೂರು ದಶಕಗಳಲ್ಲಿ ಬೆಂಗಳೂರಿನ ದೃಶ್ಯಕಲಾವಿದರ ಗುಂಪುಗಳಿಂದ ಬಂದಿರುವ ಮುದ್ರಿತ ಕೃತಿಗಳು ಇಂಥವು. ಇವುಗಳನ್ನು ಅಧ್ಯಯನ ಮಾಡಲು ಬೇಕಾದ ಉಪಕರಣವು ಕನ್ನಡ ವಿಭಾಗಗಳಲ್ಲಿ ಆಗಲೇ ಇದೆ. ಪುಷ್ಪಿಕೆಯನ್ನು ಓದುವ ವಿಧಾನವನ್ನು ಮುದ್ರಣ ವಿವರಗಳ ಪುಟಕ್ಕೆ ಅನ್ವಯಿಸುವುದಷ್ಟೇ ಉಳಿದಿದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

1. ಗುಂಪು ಮತ್ತು ಮುದ್ರಣ: ಕನ್ನಡದ ಹಿನ್ನೆಲೆ

ಗುಂಪಾಗಿ ಪ್ರಕಟಿಸುವುದು ಕನ್ನಡಕ್ಕೆ ಹೊಸದಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ರೂಪುಗೊಂಡ ಗೆಳೆಯರ ಗುಂಪು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಆನಂದಕಂದ ಮೊದಲಾದವರು ಸೇರಿದ್ದ ಈ ವಲಯದ ಒಡನಾಟದಿಂದಲೇ 1933ರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯೂ ಹುಟ್ಟಿಕೊಂಡಿತು. ಚಂದಾದಾರರನ್ನು ನೆಚ್ಚಿಕೊಂಡು ನಡೆದ ಈ ಮಾಲೆಯಲ್ಲಿ ಓದುಗನೂ ಒಂದರ್ಥದಲ್ಲಿ ಪ್ರಕಟಣೆಯ ಪಾಲುದಾರನಾಗಿದ್ದನು. 1960ರ ದಶಕದಲ್ಲಿ ಅದೇ ಧಾರವಾಡದಿಂದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಈ ಮೂವರು ಸೇರಿ ಹೊರಡಿಸಿದ ‘ಸಂಕ್ರಮಣ’ವು ಸಂಪಾದಕತ್ವವನ್ನೇ ಹಂಚಿಕೊಂಡ ಪ್ರಯೋಗ. 1975ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸಮುದಾಯ’ವು ಬೀದಿನಾಟಕ ಮತ್ತು ಜಾಥಾಗಳ ಜೊತೆಗೆ ವಾರ್ತಾಪತ್ರ, ಹಾಡಿನ ಪುಸ್ತಿಕೆ, ಭಿತ್ತಿಪತ್ರಗಳನ್ನೂ ತನ್ನ ಕೆಲಸದ ಭಾಗವಾಗಿಸಿಕೊಂಡಿತು. ಈ ಸಂಘಟನೆಯ ಮುದ್ರಿತ ಸಾಮಗ್ರಿಗೆ ಲೇಖಕನೊಬ್ಬನ ಹೆಸರು ಹಚ್ಚುವುದು ಹಲವು ವೇಳೆ ಅರ್ಥಹೀನವಾಗುತ್ತದೆ.

ಮುದ್ರಣಪೂರ್ವ ಕಾಲಕ್ಕೆ ಹೋದರೂ ಇದೇ ಸಮಸ್ಯೆ ಎದುರಾಗುತ್ತದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದ ಕೀರ್ತಿ ಅತ್ತಿಮಬ್ಬೆಗೆ ಸಂದಿದೆ, ಆ ಸಾವಿರ ಪ್ರತಿಗಳನ್ನು ಬರೆದ ಕೈಗಳ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ. ಹಾಗೆಯೇ ‘ಶೂನ್ಯಸಂಪಾದನೆ’ಗಳಲ್ಲಿ ಹಲವು ಶರಣರ ವಚನಗಳನ್ನು ಜೋಡಿಸಿ ಹೊಸ ಕೃತಿಯೊಂದನ್ನು ಕಟ್ಟಿದ ಸಂಪಾದಕರನ್ನು ಕೃತಿಕಾರರೆಂದು ಕರೆಯಬೇಕೇ ಎಂಬ ಚರ್ಚೆ ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಆದುದರಿಂದ ಕರ್ತೃತ್ವವನ್ನು ಹಂಚಿಕೊಂಡ ಕೃತಿಯ ಪ್ರಶ್ನೆಯನ್ನು ಇಂದಿನ ಕಲಾವಿದರಿಂದ ಎರವಲು ತರಬೇಕಾದ ಅಗತ್ಯವಿಲ್ಲ. ಅವರ ಪ್ರಕಟಣೆಗಳು ಹಳೆಯ ಪ್ರಶ್ನೆಯೊಂದನ್ನು ಹೊಸ ಸಾಮಗ್ರಿಯೊಂದಿಗೆ ಮತ್ತೆ ಎದುರಿಗಿಡುತ್ತವೆ ಎನ್ನುವುದೇ ಸರಿ.

2. ದೃಶ್ಯಕಲಾವಿದರ ದಾರಿ: ಮದರಾಸಿನಿಂದ ಬೆಂಗಳೂರಿಗೆ

ದಕ್ಷಿಣ ಭಾರತದಲ್ಲಿ ದೃಶ್ಯಕಲಾವಿದರು ಗುಂಪುಗೂಡಿ ಮುದ್ರಣಕ್ಕೆ ತೊಡಗಿದ ಮುಖ್ಯ ಪ್ರಸಂಗ ಮದರಾಸಿನದು. ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1944ರಲ್ಲಿ ಸ್ಥಾಪನೆಯಾದ ಪ್ರೋಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ 1961ರಿಂದ ‘ಆರ್ಟ್‌ಟ್ರೆಂಡ್ಸ್’ ಎಂಬ ಕಲಾಪತ್ರಿಕೆಯನ್ನು ಹೊರತಂದಿತು. 1966ರಲ್ಲಿ ಇದೇ ವಲಯದ ಕಲಾವಿದರು ಮದರಾಸಿನ ಹೊರವಲಯದಲ್ಲಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದರು. ಬಾಟಿಕ್ ಮೊದಲಾದ ಕರಕುಶಲ ವಸ್ತುಗಳ ಮಾರಾಟದಿಂದ ಬಂದ ಹಣವು ಅವರ ಬದುಕಿಗೂ ಕಲೆಗೂ ಆಸರೆಯಾಯಿತು.

ಈ ಪ್ರಸಂಗಕ್ಕೂ ಕನ್ನಡ ಸಾಹಿತ್ಯಕ್ಕೂ ನೇರವಾದ ಕೊಂಡಿಯೊಂದಿದೆ. ಮೈಸೂರಿನಲ್ಲಿ ಹುಟ್ಟಿ, ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತ ಎಸ್.ಜಿ. ವಾಸುದೇವ್ ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ‘ಸಂಸ್ಕಾರ’ (1970) ಚಲನಚಿತ್ರದ ಕಲಾನಿರ್ದೇಶನ ಅವರದು. ನವ್ಯದ ಲೇಖಕರೊಂದಿಗೆ ಅವರಿಗಿದ್ದ ಒಡನಾಟ ಕನ್ನಡ ಪುಸ್ತಕಗಳ ಮುಖಪುಟಗಳಲ್ಲಿಯೂ ಕಾಣಿಸಿಕೊಂಡಿತು. ನವ್ಯಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆ ಅಡಿಗ, ಅನಂತಮೂರ್ತಿ, ಕಾರ್ನಾಡ, ರಾಮಾನುಜನ್ ಇವರನ್ನು ಪರಸ್ಪರ ಸಂಬಂಧದಲ್ಲಿಟ್ಟು ಓದಿದೆ. ಆ ಸಂಬಂಧಗಳ ಜಾಲದಲ್ಲಿ ಚಿತ್ರಕಲಾವಿದನಿಗೆ ಸ್ಥಾನವಿತ್ತೆಂಬುದನ್ನು ಮಾತ್ರ ಬಹುಮಟ್ಟಿಗೆ ನೆನಪಿನ ಬರಹಗಳಿಗೆ ಬಿಟ್ಟುಕೊಟ್ಟಿದೆ. ಮರುಮುದ್ರಣದಲ್ಲಿ ಮುಖಪುಟ ಬದಲಾದಾಗ ಈ ಸಾಕ್ಷ್ಯವೂ ಹೋಗುತ್ತದೆ. ಗ್ರಂಥಾಲಯಗಳಲ್ಲಿ ರಟ್ಟು ಕಟ್ಟಿಸುವಾಗ ಹೊರಹೊದಿಕೆಯನ್ನು ಕಿತ್ತು ಹಾಕುವ ರೂಢಿಯಿಂದ ಮೊದಲ ಮುದ್ರಣದ ಪ್ರತಿಯಿದ್ದರೂ ಫಲವಿಲ್ಲದಂತಾಗುತ್ತದೆ.

ಬೆಂಗಳೂರಿನಲ್ಲಿ 1990ರ ದಶಕದ ನಂತರ ಕಲಾವಿದರೇ ನಡೆಸುವ ವೇದಿಕೆಗಳು ಒಂದರ ಹಿಂದೊಂದು ರೂಪುಗೊಂಡವು. ಎನ್. ಪುಷ್ಪಮಾಲಾ ತಮ್ಮ ಚಟುವಟಿಕೆಗಳ ವೇದಿಕೆಗೆ ‘ಸೋಂಬೇರಿ ಕಟ್ಟೆ’ ಎಂಬ ಹೆಸರಿಟ್ಟರು. ಕಲಾ ಇತಿಹಾಸಕಾರ ಸುರೇಶ್ ಜಯರಾಂ 2003ರಲ್ಲಿ ಶಾಂತಿನಗರದ ತಮ್ಮ ಮನೆಯಲ್ಲಿ ‘ಒನ್ ಶಾಂತಿರೋಡ್’ ಎಂಬ ಕಲಾವಿದರ ನೆಲೆಯನ್ನು ತೆರೆದರು. ಇದನ್ನು ನಡೆಸಿಕೊಂಡು ಬಂದ ಟ್ರಸ್ಟಿನ ಹೆಸರೇ ವಿಷುಯಲ್ ಆರ್ಟ್ ಕಲೆಕ್ಟಿವ್. 2008ರಲ್ಲಿ ‘ಮರಾ’ ಎಂಬ ಮಾಧ್ಯಮ ಮತ್ತು ಕಲಾ ಸಮೂಹ ಆರಂಭವಾಯಿತು. 2009ರಲ್ಲಿ ಕಲಾವಿದರು ಸೇರಿ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದಲ್ಲಿ ‘ಸಮೂಹ’ ಎಂಬ ಹೆಸರಿನಲ್ಲಿ ಪ್ರದರ್ಶನದ ಸ್ಥಳವೊಂದನ್ನು ಒಂದು ವರ್ಷಕ್ಕೂ ಮಿಕ್ಕು ನಡೆಸಿದರು. 2018ರಲ್ಲಿ ನಿಹಾಲ್ ಫೈಜಲ್ ಮತ್ತು ಸರಸಿಜಾ ಸುಬ್ರಮಣಿಯನ್ ‘ರಿಲಯಬಲ್ ಕಾಪಿ’ ಎಂಬ, ಕಲಾವಿದರ ಕೃತಿ ಮತ್ತು ಬರಹಗಳಿಗೇ ಮೀಸಲಾದ ಪ್ರಕಾಶನವನ್ನು ಸ್ಥಾಪಿಸಿದರು.

ಈ ಪಟ್ಟಿಯಲ್ಲಿ ಹೆಸರುಗಳೇ ಗಮನ ಸೆಳೆಯುತ್ತವೆ. ಸೋಂಬೇರಿ ಕಟ್ಟೆ, ಮರಾ, ಸಮೂಹ ಇವು ಊರ ಬಾಯಲ್ಲಿರುವ ಕನ್ನಡದ ಮಾತುಗಳು. ಈ ವಲಯದ ಕಲಾಚರ್ಚೆಯ ಭಾಷೆ ಮಾತ್ರ ಹೆಚ್ಚಾಗಿ ಇಂಗ್ಲಿಷು. ಕನ್ನಡವು ಫಲಕದ ಮೇಲೆ ಉಳಿದು ಪುಟದಿಂದ ಹಿಂದೆ ಸರಿದಿದೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಕನ್ನಡ ಅಧ್ಯಾಪಕರು ಈ ಪ್ರಕಟಣೆಗಳನ್ನು ತಮ್ಮ ಅಧ್ಯಯನಕ್ಕೆ ಹೊರತೆಂದು ಭಾವಿಸಿರುವುದಕ್ಕೂ ಇದೇ ಕಾರಣವಿರಬೇಕು. ಎರಡು ಪುಸ್ತಕಗಳನ್ನು ಹತ್ತಿರದಿಂದ ನೋಡಿದಾಗ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

3. ಎರಡು ಪುಸ್ತಕಗಳು

ರಿಲಯಬಲ್ ಕಾಪಿಯ ಪ್ರಕಟಣೆಗಳಲ್ಲಿ ‘ದಿ ಒನ್ ಶಾಂತಿರೋಡ್ ಕುಕ್‌ಬುಕ್’ ಒಂದು. ಸುರೇಶ್ ಜಯರಾಂ ಸಂಪಾದಿಸಿದ ಈ ಅಡುಗೆಯ ಪುಸ್ತಕ ಕಲಾವಿದರ ನೆಲೆಯಾದ ಆ ಮನೆಯ ಅಡುಗೆಮನೆಯ ಸುತ್ತ ಹುಟ್ಟಿಕೊಂಡದ್ದು. ಅಲ್ಲಿಗೆ ಬಂದು, ಉಳಿದು, ಉಂಡು ಹೋದವರ ಅಡುಗೆಗಳು ಇದರ ವಸ್ತು. ಕಲಾವಿದರ ಗುಂಪೊಂದು ತನ್ನ ಚರಿತ್ರೆಯನ್ನು ಪ್ರದರ್ಶನಗಳ ಪಟ್ಟಿಯಾಗಿ ಬರೆಯದೆ ಊಟದ ಪಟ್ಟಿಯಾಗಿ ಬರೆದುಕೊಂಡದ್ದು ವಿಚಿತ್ರವಾಗಿ ಕಾಣಬಹುದು. ಆದರೆ ಕನ್ನಡದ ಓದುಗನಿಗೆ ಇದು ಅಷ್ಟು ಅಪರಿಚಿತವಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಸ್ಥಾನವಿದೆ, 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಇದಕ್ಕೇ ಮೀಸಲಾದ ಕಾವ್ಯ. ಇವುಗಳಲ್ಲಿರುವ ಪಾಕವಿಧಾನಗಳನ್ನು ಕವಿಯೇ ಕಂಡುಹಿಡಿದನೆಂದು ಯಾರೂ ಹೇಳುವುದಿಲ್ಲ. ಹಲವರ ಕೈಯಲ್ಲಿ ಪಳಗಿದ ತಿಳಿವಳಿಕೆಯನ್ನು ಒಂದೆಡೆ ತಂದು ರೂಪ ಕೊಟ್ಟವನು ಅವನು. ಅಡುಗೆಯ ಪುಸ್ತಕ ಸ್ವಭಾವತಃ ಸಾಮೂಹಿಕ ಕೃತಿ. ಕಲಾವಿದರ ಗುಂಪು ಈ ಪ್ರಕಾರವನ್ನು ಆರಿಸಿಕೊಂಡದ್ದರಲ್ಲಿ ಒಬ್ಬನ ಹೆಸರಿಗೆ ಸಲ್ಲದ ಕೃತಿಯೊಂದನ್ನು ಮಾಡುವ ಸಂಕಲ್ಪ ಕಾಣುತ್ತದೆ. ಗ್ರಂಥಸೂಚಿಯಲ್ಲಿ ಇದು ಸಂಪಾದಕರೊಬ್ಬರ ಹೆಸರಿನಡಿ ‘ಪಾಕಶಾಸ್ತ್ರ’ದ ವರ್ಗದಲ್ಲಿ ಸೇರಿದರೆ ಆ ಸಂಕಲ್ಪವೇ ಕಳೆದುಹೋಗುತ್ತದೆ.

ಇನ್ನೊಂದು, 2019ರಲ್ಲಿ ಇದೇ ಪ್ರಕಾಶನದಿಂದ ಬಂದ ‘ಫ್ಲೆಕ್ಸಿಂಗ್ ಮಸಲ್ಸ್’. ಇದರ ಕರ್ತೃ ರವಿಕುಮಾರ್ ಕಾಶಿ ಚಿತ್ರಕಲಾವಿದರು, ಕೈಕಾಗದದ ಮಾಧ್ಯಮದಲ್ಲಿ ವಿಶೇಷವಾಗಿ ದುಡಿದವರು, ಕನ್ನಡದಲ್ಲಿ ಕಲಾಬರಹಗಳನ್ನು ಬರೆದವರು. ಬೆಂಗಳೂರಿನ ರಸ್ತೆಗಳಲ್ಲಿ ಕಟ್ಟಲಾಗುತ್ತಿದ್ದ ಫ್ಲೆಕ್ಸ್ ಬ್ಯಾನರುಗಳೇ ಈ ಪುಸ್ತಕದ ವಸ್ತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಆದೇಶದ ಮೇರೆಗೆ ನಗರದ ಫ್ಲೆಕ್ಸುಗಳನ್ನು ಸಾಮೂಹಿಕವಾಗಿ ತೆರವುಗೊಳಿಸಲಾಯಿತು. ಮರುವರ್ಷವೇ ಬಂದ ಈ ಪುಸ್ತಕವು ಹಾಗಾಗಿ ದಾಖಲೆಯ ಮೌಲ್ಯವನ್ನೂ ಪಡೆಯಿತು. ಕನ್ನಡ ಸಂಶೋಧಕನಿಗೆ ಇಲ್ಲಿ ಮುಖ್ಯವಾಗುವುದು ಚಿತ್ರಗಳೊಳಗಿನ ಬರಹ. ಬೆಂಗಳೂರಿನ ಫ್ಲೆಕ್ಸಿನ ಭಾಷೆ ಬಹುಮಟ್ಟಿಗೆ ಕನ್ನಡ. ಬಿರುದಾವಳಿ, ವಿಶೇಷಣಗಳ ಸರಮಾಲೆ, ಹುಟ್ಟುಹಬ್ಬದ ಹಾರೈಕೆ, ರಾಜ್ಯೋತ್ಸವದ ಘೋಷಣೆ ಇವುಗಳಲ್ಲಿ ಶಾಸನದ ಪ್ರಶಸ್ತಿಭಾಗವನ್ನು ನೆನಪಿಸುವ ಒಂದು ಗದ್ಯಶೈಲಿಯೇ ಬೆಳೆದಿದೆ. ಕೃತಿಯ ಭಾಷೆ ಯಾವುದೆಂಬ ಅಂಕಣದಲ್ಲಿ ಇಂಥ ಪುಸ್ತಕಗಳಿಗೆ ಒಂದೇ ಉತ್ತರ ಬರೆದರೆ ಸಾಲದು. ಚಿತ್ರದೊಳಗಿನ ಭಾಷೆಗೂ ಅಲ್ಲಿ ಜಾಗವಿರಬೇಕು.

4. ಊರಂಚಿನ ಮುದ್ರಣ: ಫ್ಲೆಕ್ಸಿನ ಪುಷ್ಪಿಕೆ

ಕಲಾವಿದನೊಬ್ಬ ಫ್ಲೆಕ್ಸನ್ನು ಪುಸ್ತಕದ ವಸ್ತುವಾಗಿ ಏಕೆ ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವು ಕಲಾಗ್ಯಾಲರಿಗಳಿರುವ ಕಸ್ತೂರಬಾ ರಸ್ತೆ, ಮಹಾತ್ಮಾ ಗಾಂಧಿ ರಸ್ತೆಗಳಿಗಿಂತ ನಗರದ ಅಂಚುಗಳಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಪೂರ್ವ ಬೆಂಗಳೂರಿನ ಗರುಡಾಚಾರ್‌ಪಾಳ್ಯವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್ ನಡುವೆ, ಮಹದೇವಪುರಕ್ಕೆ ಹೊಂದಿಕೊಂಡ ಈ ಪಾಳ್ಯವು 2007ರಲ್ಲಿ ಸುತ್ತಲಿನ ನಗರಸಭೆಗಳು ವಿಲೀನಗೊಂಡಾಗ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದಿತು. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರ–ವೈಟ್‌ಫೀಲ್ಡ್ ಮೆಟ್ರೊ ಮಾರ್ಗ ತೆರೆದಾಗ ಈ ಹೆಸರಿನ ನಿಲ್ದಾಣವೂ ಬಳಕೆಗೆ ಬಂತು. ಹಳ್ಳಿಯ ಹೆಸರು, ಕೈಗಾರಿಕೆ, ಮಾಹಿತಿ ತಂತ್ರಜ್ಞಾನದ ಕಚೇರಿ, ಹಲವು ಭಾಷೆಗಳ ಬಾಡಿಗೆದಾರರು ಒಂದೇ ರಸ್ತೆಯಲ್ಲಿ ಸೇರಿರುವ ಇಂಥ ಕಡೆಗಳಲ್ಲಿ ಪುಸ್ತಕದಂಗಡಿಯನ್ನು ಹುಡುಕಬೇಕಾಗುತ್ತದೆ. ಮುದ್ರಿತ ಕನ್ನಡ ಮಾತ್ರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅಣ್ಣಮ್ಮದೇವಿಯ ಉತ್ಸವ, ಗಣೇಶೋತ್ಸವ, ರಾಜ್ಯೋತ್ಸವ, ಮುಖಂಡರ ಹುಟ್ಟುಹಬ್ಬ, ಶ್ರದ್ಧಾಂಜಲಿ ಇವುಗಳ ಕರಪತ್ರ ಮತ್ತು ಬ್ಯಾನರುಗಳೇ ಈ ಭಾಗದ ಹೆಚ್ಚಿನ ಮುದ್ರಣ.

ಫ್ಲೆಕ್ಸ್ ಸಹ ಒಂದು ಸಾಮೂಹಿಕ ಪ್ರಕಟಣೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೇಲೆ ನಾಯಕನ ದೊಡ್ಡ ಚಿತ್ರ, ಕೆಳಗೆ ಸಾಲುಸಾಲಾಗಿ ಹಾರೈಸುವವರ ಮುಖಗಳು, ಕೊನೆಗೆ ಗೆಳೆಯರ ಬಳಗದ ಅಥವಾ ಅಭಿಮಾನಿಗಳ ಸಂಘದ ಹೆಸರು. ಇದು ಒಂದು ಬಗೆಯ ಪುಷ್ಪಿಕೆ. ಹಣ ಹಾಕಿದವರು ಯಾರು, ಯಾರ ಚಿತ್ರ ಯಾರ ಪಕ್ಕದಲ್ಲಿರಬೇಕು, ಯಾರದು ಎಷ್ಟು ದೊಡ್ಡದಾಗಿರಬೇಕು ಎಂಬ ಸ್ಥಳೀಯ ಸಂಬಂಧಗಳ ಲೆಕ್ಕಾಚಾರ ಈ ಸಾಲುಗಳಲ್ಲಿರುತ್ತದೆ. ಆದರೆ ಈ ಪುಷ್ಪಿಕೆಯಲ್ಲಿ ಲಿಪಿಕಾರನಿಲ್ಲ. ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಅಕ್ಷರ ಜೋಡಿಸಿ, ಮುಖಗಳನ್ನು ಕತ್ತರಿಸಿ ಕೂಡಿಸಿದ ಅಂಗಡಿಯ ಹುಡುಗನ ಹೆಸರು ಎಲ್ಲಿಯೂ ಬರುವುದಿಲ್ಲ. ಕೈಯಿಂದ ಫಲಕ ಬರೆಯುತ್ತಿದ್ದ ಕಾಲದ ಕಲಾವಿದ ಮೂಲೆಯಲ್ಲಿ ತನ್ನ ಸಣ್ಣ ಸಹಿಯನ್ನಾದರೂ ಬಿಡುತ್ತಿದ್ದನು. ಫ್ಲೆಕ್ಸ್ ಬಂದು ಅವನ ಕಸುಬಿನ ಜೊತೆಗೆ ಆ ಸಹಿಯನ್ನೂ ಅಳಿಸಿತು.

ಕಲಾವಿದರ ಗುಂಪಿನ ಪುಸ್ತಕದಲ್ಲಿ ಇದಕ್ಕೆ ಎದುರಾದ ಪ್ರವೃತ್ತಿಯಿದೆ. ವಿನ್ಯಾಸ, ಛಾಯಾಚಿತ್ರ, ಕರಡು ತಿದ್ದುವಿಕೆ, ಮುದ್ರಣ, ಕಾಗದ, ಪ್ರತಿಗಳ ಸಂಖ್ಯೆ ಇವೆಲ್ಲವನ್ನೂ ಹೆಸರು ಹೇಳಿ ದಾಖಲಿಸುವುದು ಕಲಾವಿದರ ಪ್ರಕಟಣೆಗಳಲ್ಲಿ ಒಂದು ಶಿಸ್ತಾಗಿ ಬೆಳೆದಿದೆ. ಪುಷ್ಪಮಾಲಾ ಮತ್ತು ಕ್ಲೇರ್ ಆರ್ನಿ 2000–2004ರ ಅವಧಿಯಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಛಾಯಾಚಿತ್ರ ಸರಣಿಯಲ್ಲಿ ಚಿತ್ರದ ಎದುರು ನಿಂತವರೂ ಚಿತ್ರ ತೆಗೆದವರೂ ಇಬ್ಬರೂ ಕರ್ತೃಗಳಾಗಿ ನಿಲ್ಲುವುದು ಇದೇ ನಿಲುವಿನ ಇನ್ನೊಂದು ರೂಪ. ರವಿವರ್ಮನ ಮುದ್ರಿತ ಚಿತ್ರಗಳಂಥ ಜನಪ್ರಿಯ ಮಾದರಿಗಳನ್ನು ಮತ್ತೆ ಅಭಿನಯಿಸುವ ಈ ಸರಣಿ ಮುದ್ರಣದ ಚರಿತ್ರೆಯನ್ನೇ ತನ್ನ ವಸ್ತುವಾಗಿಸಿಕೊಂಡಿದೆ.

ಹಾಗೆಂದು ಇವುಗಳ ಮಿತಿಯನ್ನು ಮರೆಯುವಂತಿಲ್ಲ. ಕಡಮೆ ಪ್ರತಿಗಳು, ಹೆಚ್ಚಿನ ಬೆಲೆ, ಕಲಾವಲಯದೊಳಗಿನ ಓದುಗರು ಇವು ಇಂಥ ಪ್ರಕಟಣೆಗಳ ಸಾಮಾನ್ಯ ಲಕ್ಷಣ. ಮನೋಹರ ಗ್ರಂಥಮಾಲೆ ಚಂದಾದಾರನನ್ನು ಹುಡುಕಿಕೊಂಡು ಹೋಯಿತು, ಸಮುದಾಯದ ಪುಸ್ತಿಕೆ ಜಾಥಾದೊಂದಿಗೆ ಹಳ್ಳಿಗೆ ನಡೆಯಿತು. ಫ್ಲೆಕ್ಸನ್ನು ಕುರಿತ ಪುಸ್ತಕ ಫ್ಲೆಕ್ಸ್ ಕಟ್ಟಿದ ಬೀದಿಗೆ ಮರಳಿ ತಲುಪುವುದು ಕಷ್ಟ. ಈ ಅಂತರವೂ ಸಂಶೋಧನೆಯ ವಸ್ತುವೇ ಆಗಬೇಕು.

5. ಕಾನೂನು ಮತ್ತು ದಾಖಲೆ

ಮುದ್ರಣ ವಿವರಗಳ ಪುಟ ಕೇವಲ ಸೌಜನ್ಯದಿಂದ ಬಂದುದಲ್ಲ. ಮುದ್ರಿಸಿದ ಪುಸ್ತಕ ಮತ್ತು ಪತ್ರಗಳಲ್ಲಿ ಮುದ್ರಕನ ಹೆಸರು, ಮುದ್ರಣದ ಸ್ಥಳ ಇರಬೇಕೆಂದು 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯಿದೆ ವಿಧಿಸಿತ್ತು. ವಸಾಹತು ಸರ್ಕಾರದ ನಿಗಾವಣೆ ಅದರ ಉದ್ದೇಶಗಳಲ್ಲಿ ಒಂದಾಗಿದ್ದರೂ ಅದರಿಂದ ಮುದ್ರಣ ಚರಿತ್ರೆಗೆ ಉಪಕಾರವೇ ಆಯಿತು. ಚುನಾವಣೆಯ ಕರಪತ್ರ, ಭಿತ್ತಿಪತ್ರಗಳಿಗೆ ಮುದ್ರಕ ಮತ್ತು ಪ್ರಕಾಶಕರ ಹೆಸರು ವಿಳಾಸಗಳನ್ನು ಕಡ್ಡಾಯಗೊಳಿಸುವ ವಿಧಿ 1951ರ ಜನಪ್ರಾತಿನಿಧ್ಯ ಕಾಯಿದೆಯ 127ಎ ಪ್ರಕರಣದಲ್ಲಿದೆ. 1867ರ ಕಾಯಿದೆಯ ಸ್ಥಾನದಲ್ಲಿ 2024ರ ಮಾರ್ಚ್ 1ರಿಂದ ಜಾರಿಗೆ ಬಂದ 2023ರ ಕಾಯಿದೆಯಾದರೋ ನಿಯತಕಾಲಿಕಗಳಿಗೆ ಸೀಮಿತವಾದುದು. ಪುಸ್ತಕಗಳನ್ನು ಅದು ತನ್ನ ವ್ಯಾಪ್ತಿಯಿಂದ ಕೈಬಿಟ್ಟಿದೆ. ಪುಸ್ತಕದಲ್ಲಿ ಮುದ್ರಕನ ಹೆಸರಿರಬೇಕೆಂಬ ಒಂದೂವರೆ ಶತಮಾನದ ಹಳೆಯ ವಿಧಿ ಹೀಗೆ ಕೊನೆಗೊಂಡಿತು. ಬೇಡಿಕೆಯ ಮೇರೆಗೆ ಹತ್ತಿಪ್ಪತ್ತು ಪ್ರತಿಗಳನ್ನು ಮುದ್ರಿಸುವುದು ಸುಲಭವಾಗಿರುವ ಈ ಕಾಲದಲ್ಲಿ ಇದರ ಪರಿಣಾಮ ಸಣ್ಣದಾಗಲಾರದು.

ಗ್ರಂಥಾಲಯಗಳಿಗೆ ಪ್ರತಿಗಳನ್ನು ಒಪ್ಪಿಸಬೇಕೆಂಬ 1954ರ ಕಾಯಿದೆಯಲ್ಲಿ ಪುಸ್ತಕ ಎಂಬ ಪದಕ್ಕೆ ಕಿರುಹೊತ್ತಗೆಯೂ ಸೇರಿದೆ. ಆಹ್ವಾನಪತ್ರ, ಭಿತ್ತಿಪತ್ರ, ಫ್ಲೆಕ್ಸ್ ಇಂಥವು ಆ ವ್ಯಾಖ್ಯೆಯಲ್ಲಿ ಇಲ್ಲ. ಗುಂಪಿನ ಬದುಕು ಹೆಚ್ಚಾಗಿ ದಾಖಲಾಗುವುದಾದರೋ ಇಂಥವುಗಳಲ್ಲಿಯೇ. ಗುಂಪು ಚದುರಿದ ಮೇಲೆ ಅದರ ಕಾಗದಗಳು ಯಾರದೋ ಮನೆಯ ಅಟ್ಟ ಸೇರುತ್ತವೆ, ಮನೆ ಬದಲಿಸಿದಾಗ ರದ್ದಿಗೆ ಹೋಗುತ್ತವೆ.

6. ಸಮಾರೋಪ

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ ಸ್ಪಷ್ಟವಾಗಿದೆ. ಸಾಮೂಹಿಕ ಪ್ರಕಟಣೆಯನ್ನು ವರ್ಣಿಸುವಾಗ ಕನಿಷ್ಠ ಐದು ಅಂಶಗಳನ್ನು ದಾಖಲಿಸಬೇಕು: ಪಾಲ್ಗೊಂಡವರ ಹೆಸರು ಮತ್ತು ಪ್ರತಿಯೊಬ್ಬರ ಕೆಲಸ, ಅಳತೆ, ಕಾಗದ ಮತ್ತು ಮುದ್ರಣದ ವಿಧಾನ, ಪ್ರತಿಗಳ ಸಂಖ್ಯೆ, ಪಠ್ಯದಲ್ಲಿಯೂ ಚಿತ್ರದೊಳಗೂ ಇರುವ ಭಾಷೆ ಮತ್ತು ಲಿಪಿಗಳು, ಹಂಚಿಕೆಯಾದ ಸ್ಥಳ ಮತ್ತು ಸಂದರ್ಭ. ಹಸ್ತಪ್ರತಿ ಸೂಚಿಗಳಲ್ಲಿ ಓಲೆಯ ಅಳತೆ, ಗರಿಗಳ ಸಂಖ್ಯೆ, ಲಿಪಿಯ ಸ್ವರೂಪ, ಆದಿ ಅಂತ್ಯಗಳನ್ನು ಬರೆದಿಡುವ ನಮಗೆ ಇದು ಹೊಸ ವಿದ್ಯೆಯೇನಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಊರು, ಬಡಾವಣೆಗಳ ಕರಪತ್ರಗಳನ್ನೂ ಆಹ್ವಾನಪತ್ರಗಳನ್ನೂ ಈ ಕ್ರಮದಲ್ಲಿ ಸಂಗ್ರಹಿಸಿದರೆ, ಕಲಾವಿದರ ಗುಂಪುಗಳಿಂದ ಒಂದೊಂದು ಪ್ರತಿಯನ್ನು ಕೇಳಿ ಪಡೆದು ವಿಭಾಗದ ಗ್ರಂಥಾಲಯದಲ್ಲಿ ಹೊದಿಕೆಸಹಿತವಾಗಿ ಇರಿಸಿದರೆ, ಹೆಚ್ಚು ಖರ್ಚಿಲ್ಲದೆ ಒಂದು ಆಕರ ಸಿದ್ಧವಾಗುತ್ತದೆ. ಇದರಿಂದ ಕಲಾವಿದರ ವಲಯಕ್ಕೂ ಒಂದು ಮಾತು ತಲುಪುತ್ತದೆ: ಕನ್ನಡದ ಹೆಸರಿಟ್ಟುಕೊಂಡ ಗುಂಪಿನ ಪುಟಗಳಿಗೆ ಕನ್ನಡದ ಓದುಗರು ಕಾಯುತ್ತಿದ್ದಾರೆ ಎಂಬುದು.

ಅತ್ತಿಮಬ್ಬೆ ಮಾಡಿಸಿದ ಸಾವಿರ ಪ್ರತಿಗಳ ಲಿಪಿಕಾರರು ಯಾರೆಂದು ಇಂದು ಯಾರೂ ಹೇಳಲಾರರು. ಅವರನ್ನು ಕೇಳಿ ಬರೆದಿಡುವವರು ಆಗ ಇರಲಿಲ್ಲ. ಇಂದು ಈ ನಗರದಲ್ಲಿ ಮುದ್ರಣವಾಗುತ್ತಿರುವ ಪುಟಗಳ ಹಿಂದಿರುವವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಅವರ ಹೆಸರನ್ನು ಕೇಳಿ ಬರೆದುಕೊಳ್ಳುವ ಅವಕಾಶ ಸದ್ಯಕ್ಕೆ ಉಳಿದಿದೆ.